7ರಲ್ಲಿ 85, 9ರಲ್ಲಿ 43: ಗಣಿತದ ಎಳೆ ತಪ್ಪಿದ್ದು ಎಲ್ಲಿ?

ಪ್ರಶ್ನೆ: ನನ್ನ ಮಗಳು ಕನ್ನಡ ಮಾಧ್ಯಮದಲ್ಲಿ 9ನೇ ತರಗತಿ, ರಾಜ್ಯ ಪಠ್ಯಕ್ರಮ. 7ನೇ ತರಗತಿವರೆಗೆ ಗಣಿತದಲ್ಲಿ 85ಕ್ಕೆ ಕಡಿಮೆ ಬಂದದ್ದೇ ಇಲ್ಲ. 8ರಲ್ಲಿ 60 ಆಯಿತು, ಈ ಸಲ ಅರ್ಧವಾರ್ಷಿಕದಲ್ಲಿ 43. ಟ್ಯೂಷನ್‌ಗೂ ಹೋಗುತ್ತಿದ್ದಾಳೆ. ಪಿಯುಸಿಯಲ್ಲಿ ಸೈನ್ಸ್ ತಗೊಳ್ಳಬೇಕೆಂಬ ಆಸೆ ಅವಳದು. ಪ್ರೌಢಶಾಲೆಯ ಗಣಿತಕ್ಕೂ ಪಿಯುಸಿ ಗಣಿತಕ್ಕೂ ಏನು ಸಂಬಂಧ? ಎಲ್ಲಿಂದ ಹಿಡಿದು ಸರಿಮಾಡಬೇಕು? ಸುಮ್ಮನೆ ಕಾಮರ್ಸ್‌ಗೆ ಕಳಿಸುವುದೇ ವಾಸಿಯೇ?

ಉತ್ತರ: ಅಂಕ ಇಳಿದ ರೀತಿಯಲ್ಲೇ ಅರ್ಧ ಉತ್ತರ ಇದೆ. 7ನೇ ತರಗತಿವರೆಗಿನ ಗಣಿತ ಬಹುಪಾಲು ಅಂಕಗಣಿತ. ಭಿನ್ನರಾಶಿ, ಶೇಕಡ, ಬಡ್ಡಿ, ಸುತ್ತಳತೆ. ಮಗ್ಗಿ ಬಾಯಿಗೆ ಬರುವ ಚುರುಕು ಮಗು ನಡುವಿನ ಸಾಲುಗಳನ್ನು ಬರೆಯದೆಯೂ ಉತ್ತರ ತಂದುಬಿಡುತ್ತದೆ. 8ರಲ್ಲಿ ಬೀಜೋಕ್ತಿಗಳು, ನಿತ್ಯಸಮೀಕರಣಗಳು, ಅಪವರ್ತಿಸುವಿಕೆ ಬರುತ್ತವೆ. ಅಲ್ಲಿಂದಾಚೆ ಮನಸ್ಸಿನಲ್ಲೇ ಲೆಕ್ಕ ಹಾಕಿ ಉತ್ತರ ಬರೆಯುವ ಚಾಳಿ ನಡೆಯುವುದಿಲ್ಲ, ಒಂದೊಂದು ಸಾಲನ್ನೂ ನಿಯಮ ಹಿಡಿದು ಇಳಿಸಬೇಕು. 85ರಿಂದ 60ಕ್ಕೆ ಬಿದ್ದದ್ದು ಅಲ್ಲಿ. 9ರ 43 ಆ ಬೀಳುವಿಕೆಯ ಬಡ್ಡಿ, ಅಷ್ಟೆ.

ಟ್ಯೂಷನ್ ಏಕೆ ಹಿಡಿಯಲಿಲ್ಲ ಎಂಬುದಕ್ಕೂ ಇದೇ ಕಾರಣ. ಶಾಲೆಯಲ್ಲಿ ಬಹುಪದೋಕ್ತಿ ನಡೆಯುವಾಗ ಟ್ಯೂಷನ್ನಿನಲ್ಲೂ ಬಹುಪದೋಕ್ತಿಯೇ ನಡೆಯುತ್ತದೆ. ಒಂದೇ ಪಾಠ ಎರಡು ಸಲ ಕೇಳಿದಂತಾಯಿತೇ ಹೊರತು, ಹಿಂದಿನ ವರ್ಷದ ಪುಸ್ತಕ ತೆಗೆದು ಕೂತವರು ಯಾರೂ ಇಲ್ಲ.

ಪ್ರೌಢಶಾಲೆಯ ಗಣಿತ ಹೇಗೆ ಮುಂದುವರಿಯುತ್ತದೆ ಎಂಬುದನ್ನು ಅಧ್ಯಾಯಗಳ ಪಟ್ಟಿ ಕೊಡುವ ಬದಲು ಒಂದೇ ಒಂದು ಉಕ್ತಿ ಹಿಡಿದು ತೋರಿಸುತ್ತೇನೆ. (ಪುಸ್ತಕದಲ್ಲಿ ಎಕ್ಸ್, ವೈ ಇರುವ ಕಡೆ ಇಲ್ಲಿ ಅ, ಬ ಎಂದು ಬರೆದಿದ್ದೇನೆ. ಅಕ್ಷರ ಬದಲಾದದ್ದಕ್ಕೇ ಮಗಳು ತಡವರಿಸಿದರೆ ಅದನ್ನೂ ಗುರುತು ಹಾಕಿಕೊಳ್ಳಿ. ಭೌತಶಾಸ್ತ್ರದಲ್ಲಿ ಇದೇ ಜಾಗದಲ್ಲಿ ಟಿ ಬರುತ್ತದೆ, ವಿ ಬರುತ್ತದೆ. ಎಕ್ಸ್ ಇದ್ದರೆ ಮಾತ್ರ ಲೆಕ್ಕ ಬರುವ ಮಕ್ಕಳು ಅಲ್ಲಿ ನಿಂತುಬಿಡುತ್ತಾರೆ.)

ಉಕ್ತಿ ಇದು: ಅ² − 5ಅ − 24.

8ನೇ ತರಗತಿಯಲ್ಲಿ ಇದನ್ನು ಅಪವರ್ತಿಸಿ ಎನ್ನುತ್ತಾರೆ. ಗುಣಲಬ್ಧ −24, ಮೊತ್ತ −5 ಬರುವ ಎರಡು ಸಂಖ್ಯೆ ಹುಡುಕಬೇಕು. 1 ಮತ್ತು −24 ಕೂಡಿದರೆ −23. 2 ಮತ್ತು −12 ಕೂಡಿದರೆ −10. 3 ಮತ್ತು −8 ಕೂಡಿದರೆ −5, ಸಿಕ್ಕಿತು. ಉತ್ತರ (ಅ − 8)(ಅ + 3).

9ರಲ್ಲಿ ಇದೇ ಉಕ್ತಿ ಅಪವರ್ತನ ಪ್ರಮೇಯದ ವೇಷದಲ್ಲಿ ಬರುತ್ತದೆ. ಅ = 8 ಹಾಕಿದರೆ 64 − 40 − 24 = 0. ಸೊನ್ನೆ ಬಂದದ್ದರಿಂದ (ಅ − 8) ಇದರ ಅಪವರ್ತನ.

10ರಲ್ಲಿ ಪಕ್ಕದಲ್ಲಿ ‘= 0’ ಸೇರಿ ವರ್ಗ ಸಮೀಕರಣವಾಗುತ್ತದೆ. ಮೂಲಗಳು 8 ಮತ್ತು −3. ಸೂತ್ರ ಹಾಕಿ ಮಾಡಿದರೆ ಶೋಧಕ (ಸೂತ್ರದಲ್ಲಿ ವರ್ಗಮೂಲದ ಒಳಗೆ ಬರುವ ಭಾಗ) 25 + 96 = 121, ಅದರ ವರ್ಗಮೂಲ 11. (5 + 11)/2 ಮತ್ತು (5 − 11)/2 ಅಂದರೆ ಮತ್ತೆ 8, −3.

ಪ್ರಥಮ ಪಿಯುಸಿಯಲ್ಲಿ ಲಿಮಿಟ್ಸ್. (ಅ² − 5ಅ − 24) ÷ (ಅ − 8) ಎಂಬುದರ ಬೆಲೆ, ಅ 8ಕ್ಕೆ ಹತ್ತಿರವಾಗುತ್ತಾ ಹೋದಂತೆ, ಎಷ್ಟಕ್ಕೆ ಹತ್ತಿರವಾಗುತ್ತದೆ? ನೇರವಾಗಿ 8 ಹಾಕಿದರೆ ಸೊನ್ನೆಯ ಕೆಳಗೆ ಸೊನ್ನೆ. ಅಪವರ್ತಿಸಿ (ಅ − 8) ಹೊಡೆದರೆ ಉಳಿಯುವುದು ಅ + 3, ಉತ್ತರ 11. ದ್ವಿತೀಯ ಪಿಯುಸಿಯಲ್ಲಿ 1 ÷ (ಅ² − 5ಅ − 24) ಇದನ್ನು ಇಂಟಿಗ್ರೇಟ್ ಮಾಡಬೇಕು. ಪಾರ್ಷಿಯಲ್ ಫ್ರಾಕ್ಷನ್ ಆಗಿ, ಅಂದರೆ ಎರಡು ಸರಳ ಭಿನ್ನರಾಶಿಗಳಾಗಿ ಒಡೆದರೆ 1/11 ಹೊರಗೆ ಬಂದು, ಒಳಗೆ 1/(ಅ − 8) − 1/(ಅ + 3) ಉಳಿಯುತ್ತದೆ. ಆ 11 ಮತ್ತೆ ಮತ್ತೆ ಬರುತ್ತಿರುವುದು ಕಾಕತಾಳೀಯವಲ್ಲ: ಎರಡು ಮೂಲಗಳ ನಡುವಿನ ಅಂತರವೇ ಅದು.

ಐದು ವರ್ಷ, ಐದು ಪಾಠ. ಕೈಕೆಲಸ ಮಾತ್ರ 8ನೇ ತರಗತಿಯದು. ಪಿಯುಸಿಯಲ್ಲಿ ‘ಲಿಮಿಟ್ಸ್ ಅರ್ಥವಾಗುತ್ತಿಲ್ಲ’ ಎನ್ನುವ ಎಷ್ಟೋ ಮಕ್ಕಳಿಗೆ ಲಿಮಿಟ್ ಎಂದರೇನು ಎಂದು ಗೊತ್ತಿರುತ್ತದೆ. ತೊಡಕು ಅಪವರ್ತಿಸುವ ಸಾಲಿನಲ್ಲಿರುತ್ತದೆ.

ಈಗ ಮಗಳ ಎಳೆ ಎಲ್ಲಿ ತುಂಡಾಗಿದೆ ಎಂದು ನೋಡಿ. ಕೆಳಗಿನ ಎಂಟು ಲೆಕ್ಕ ಕೊಡಿ, ಸಮಯ ಮುಕ್ಕಾಲು ಗಂಟೆ. ಎಲ್ಲ ಸಾಲುಗಳನ್ನೂ ಬರೆಯಲು ಹೇಳಿ, ಅಳಿಸಬಾರದು, ತಪ್ಪಾದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಬರೆಯಲಿ.

1) −7 − (−3) + 2 × (−4)
2) 3/4 − 5/6
3) 3(ಅ − 2) − 2(ಅ − 5) ಸುಲಭೀಕರಿಸಿ
4) (2ಅ − 3)² ವಿಸ್ತರಿಸಿ
5) ಅ² − 5ಅ − 24 ಅಪವರ್ತಿಸಿ (ಅವಳು ಮೇಲಿನದನ್ನು ಓದಿದ್ದರೆ ಅ² + 2ಅ − 35 ಕೊಡಿ)
6) ಅ/3 + ಅ/4 = 14 ಆದರೆ ಅ ಎಷ್ಟು?
7) ಆಯತದ ಉದ್ದ ಅಗಲಕ್ಕಿಂತ 4 ಸೆಂ.ಮೀ. ಹೆಚ್ಚು, ಸುತ್ತಳತೆ 36 ಸೆಂ.ಮೀ. ಉದ್ದ, ಅಗಲ ಎಷ್ಟು?
8) 8,000 ರೂಪಾಯಿಗೆ 3 ವರ್ಷಕ್ಕೆ ಸರಳಬಡ್ಡಿ 1,680 ರೂಪಾಯಿ. ಬಡ್ಡಿದರ ಎಷ್ಟು?

ಉತ್ತರಗಳು ಕ್ರಮವಾಗಿ: −12, −1/12, ಅ + 4, 4ಅ² − 12ಅ + 9, (ಅ − 8)(ಅ + 3), ಬದಲಿ ಲೆಕ್ಕಕ್ಕೆ (ಅ + 7)(ಅ − 5), 24, ಉದ್ದ 11, ಅಗಲ 7, ಶೇ 7.

ಮೊದಲ ಎರಡರಲ್ಲಿ ಒಂದು ತಪ್ಪಿದರೂ ಕೆಲಸ 6, 7ನೇ ತರಗತಿಯ ಪೂರ್ಣಾಂಕ ಮತ್ತು ಭಿನ್ನರಾಶಿಯಿಂದ ಶುರುವಾಗಬೇಕು. ಅವಮಾನವೇನಿಲ್ಲ, ಹತ್ತು ಹನ್ನೆರಡು ದಿನದ ಕೆಲಸ. 3ರಿಂದ 6ರವರೆಗೆ ತಪ್ಪಿದರೆ 8ನೇ ತರಗತಿ ಪುಸ್ತಕ. ಅವೆಲ್ಲ ಸರಿಯಿದ್ದು 7, 8 ಮಾತ್ರ ತಪ್ಪಿದರೆ ಬೀಜಗಣಿತ ಬರುತ್ತದೆ, ವಾಕ್ಯವನ್ನು ಸಮೀಕರಣ ಮಾಡುವುದು ಬರುವುದಿಲ್ಲ ಎಂದರ್ಥ. ಅದಕ್ಕೆ ಮದ್ದು ಬೇರೆ, ದಿನಕ್ಕೆ ಎರಡು ಹೇಳಿಕೆ ಲೆಕ್ಕ ತೆಗೆದುಕೊಂಡು ಬಿಡಿಸದೆ ಸಮೀಕರಣ ಬರೆಯುವುದನ್ನಷ್ಟೇ ಅಭ್ಯಾಸ ಮಾಡುವುದು.

ನನ್ನ ಊಹೆ, ತಪ್ಪು 3ರಲ್ಲಿ ಸಿಕ್ಕುತ್ತದೆ. ಆ ಲೆಕ್ಕವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಹೆಚ್ಚಿನ ಮಕ್ಕಳು ಬರೆಯುವುದು ಹೀಗೆ:

3ಅ − 6 − 2ಅ − 10 = ಅ − 16

‘ಚಿಹ್ನೆ ನೋಡಿ ಬರಿ’ ಎಂದು ಗದರಿಸಿದರೆ ಇದು ಹೋಗುವುದಿಲ್ಲ, ಏಕೆಂದರೆ ಮಗು ನೋಡದೆ ಬರೆದಿಲ್ಲ. ಅದರ ಕಣ್ಣಿಗೆ ಆ ಮೈನಸ್ ‘ಕಳೆ’ ಎಂಬ ಆಜ್ಞೆ, 2 ಎಂಬುದು ಬೇರೆ ಸಂಖ್ಯೆ. 2ನ್ನು ಆವರಣದೊಳಗೆ ಗುಣಿಸುತ್ತದೆ, ಮೈನಸ್‌ಅನ್ನು ಹಾಗೇ ಮುಂದೆ ಇಟ್ಟುಕೊಳ್ಳುತ್ತದೆ. ಗುಣಿಸುತ್ತಿರುವುದು −2 ಎಂಬ ಒಂದೇ ಸಂಖ್ಯೆ ಎಂದು ಕಾಣಬೇಕು. ಅದಕ್ಕೆ ಎರಡು ವಾರ ಮಟ್ಟಿಗೆ ಒಂದು ಹೆಚ್ಚಿನ ಸಾಲು ಬರೆಸಿ:

3(ಅ − 2) + (−2)(ಅ − 5)
= 3ಅ − 6 + (−2ಅ) + 10
= ಅ + 4

ಜೊತೆಗೆ ತಾಳೆ ನೋಡುವುದನ್ನು ಕಲಿಸಿ. ಅ = 0 ಎಂದು ಮೂಲ ಲೆಕ್ಕದಲ್ಲಿ ಹಾಕಿದರೆ −6 + 10 = 4. ಅವಳ ಉತ್ತರ ಅ − 16 ಆಗಿದ್ದರೆ ಅದು −16 ಕೊಡುತ್ತದೆ. ಹೊಂದಲಿಲ್ಲ, ಎಲ್ಲೋ ತಪ್ಪಿದೆ. ಸೊನ್ನೆ ಒಂದನ್ನೇ ನೆಚ್ಚಬೇಡಿ, ಅ = 1 ಕೂಡ ಹಾಕಲಿ: ಎರಡೂ ಕಡೆ 5 ಬರಬೇಕು. ಹತ್ತು ಸೆಕೆಂಡಿನ ಕೆಲಸ. ಸರಿಯೋ ತಪ್ಪೋ ಎಂದು ಮೇಷ್ಟ್ರನ್ನೋ ಗೈಡನ್ನೋ ಕೇಳದೆ ತಾನೇ ಕಂಡುಕೊಳ್ಳುವ ಅಭ್ಯಾಸ ಒಮ್ಮೆ ಬಂದರೆ, ನೀವು ಪಕ್ಕದಲ್ಲಿ ಕೂರುವ ಅಗತ್ಯವೇ ಅರ್ಧ ತಪ್ಪುತ್ತದೆ. (ಅ + ಬ)² = ಅ² + ಬ² ಎಂದು ಬರೆಯುವ ಹಳೇ ಕಾಯಿಲೆಗೂ ಇದೇ ಮದ್ದು. ಅ = 3, ಬ = 4 ಹಾಕಿದರೆ ಎಡಗಡೆ 49, ಬಲಗಡೆ 25.

ಬೀಜಗಣಿತದ ಬಗ್ಗೆಯೇ ಇಷ್ಟು ಹೇಳಿದ್ದಕ್ಕೆ ಕಾರಣವಿದೆ. ಉಳಿದ ಎಳೆಗಳಲ್ಲಿ ಎಲ್ಲವೂ ಪಿಯುಸಿವರೆಗೆ ಅಷ್ಟೇ ಗಟ್ಟಿಯಾಗಿ ಹೋಗುವುದಿಲ್ಲ.

ರೇಖಾಗಣಿತವನ್ನೇ ನೋಡಿ. 9ರಲ್ಲಿ ಯೂಕ್ಲಿಡ್, ಸರ್ವಸಮತೆ, ಚತುರ್ಭುಜ, ವೃತ್ತ. 10ರಲ್ಲಿ ಸಮರೂಪತೆ, ಥೇಲ್ಸ್ ಪ್ರಮೇಯ, ಸ್ಪರ್ಶಕ. ದತ್ತ, ಸಾಧನೀಯ, ರಚನೆ, ಸಾಧನೆ ಎಂದು ಬರೆಯುವ ಈ ಶೈಲಿಯ ರೇಖಾಗಣಿತ ಹೆಚ್ಚುಕಡಿಮೆ ಎಸ್ಸೆಸ್ಸೆಲ್ಸಿಗೇ ಮುಗಿಯುತ್ತದೆ. ಪಿಯುಸಿಯಲ್ಲಿ ಸರಳರೇಖೆ, ವೃತ್ತ, ಪ್ಯಾರಾಬೋಲ ಎಲ್ಲವೂ ನಿರ್ದೇಶಾಂಕದ ದಾರಿಯಲ್ಲಿ, ಅಂದರೆ ಮತ್ತೆ ಬೀಜಗಣಿತವಾಗಿ ಬರುತ್ತವೆ. ಹಾಗಾಗಿ ಪ್ರಮೇಯಗಳಲ್ಲಿ ಮಗಳು ತುಸು ಹಿಂದಿದ್ದರೆ ಸೈನ್ಸ್ ಆಸೆ ಬಿಡಬೇಕಿಲ್ಲ. ಸಮರೂಪತೆ ಒಂದನ್ನು ಮಾತ್ರ ಸಡಿಲ ಬಿಡಬೇಡಿ. 30° ಕೋನದ ಲಂಬಕೋನ ತ್ರಿಭುಜ ಅಂಗೈಯಷ್ಟಿರಲಿ, ಗದ್ದೆಯಷ್ಟಿರಲಿ, ಎದುರಿನ ಬಾಹು ವಿಕರ್ಣದ ಅರ್ಧವೇ ಆಗುವುದು ಸಮರೂಪತೆಯಿಂದ. ತ್ರಿಕೋನಮಿತಿ ನಿಂತಿರುವುದೇ ಅದರ ಮೇಲೆ.

ತ್ರಿಕೋನಮಿತಿಯ ಜಿಗಿತ ಎಲ್ಲಕ್ಕಿಂತ ದೊಡ್ಡದು. 10ರಲ್ಲಿ ಲಂಬಕೋನ ತ್ರಿಭುಜ, 0°ಯಿಂದ 90°, ಒಂದಿಷ್ಟು ನಿತ್ಯಸಮೀಕರಣ, ಗೋಪುರದ ಎತ್ತರ. ಪ್ರಥಮ ಪಿಯುಸಿಯಲ್ಲಿ ಡಿಗ್ರಿ ಹೋಗಿ ರೇಡಿಯನ್ (180° ಅಂದರೆ ಪೈ ರೇಡಿಯನ್), ತ್ರಿಭುಜ ಹೋಗಿ ವೃತ್ತ, 90°ಗಿಂತ ದೊಡ್ಡ ಕೋನ, ಋಣ ಕೋನ. ಇಷ್ಟು ಸಾಲದೆಂಬಂತೆ, ಗಣಿತದ ಮೇಷ್ಟ್ರು ಅಲ್ಲಿಗೆ ಬರುವ ಮೊದಲೇ ಭೌತಶಾಸ್ತ್ರದವರು ವೆಕ್ಟರ್ ಬಿಡಿಸಲು ಸೈನ್, ಕಾಸ್ ಬಳಸಲು ಶುರುಮಾಡಿರುತ್ತಾರೆ. 10ರಲ್ಲಿ 30, 45, 60ರ ಕೋಷ್ಟಕವನ್ನು ಬಾಯಿಪಾಠ ಮಾಡಿಸುವ ಜೊತೆಗೆ, ಸಮಬಾಹು ತ್ರಿಭುಜವನ್ನೂ ಚೌಕವನ್ನೂ ಅರ್ಧ ಮಾಡಿ ಆ ಬೆಲೆಗಳನ್ನು ತಾನೇ ತೆಗೆಯುವಂತೆ ಮಾಡಿಸಿ.

ಸಂಖ್ಯಾಶಾಸ್ತ್ರ, ಕ್ಷೇತ್ರಫಲ, ಘನಫಲ ಇವುಗಳ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಅಂಕಕ್ಕೆ ಒಳ್ಳೆಯವು, ಮುಂದಿನ ಪಾಠಗಳನ್ನು ಅಷ್ಟಾಗಿ ಹೊರುವುದಿಲ್ಲ.

ಪುಸ್ತಕದಲ್ಲಿ ಸಿಗದ ಒಂದು ವಿಷಯ ಹೇಳಲೇಬೇಕು. ಎನ್‌ಸಿಇಆರ್‌ಟಿ 10ನೇ ತರಗತಿ ಪುಸ್ತಕದ ಹೊರೆ ಇಳಿಸಿದಾಗ ವರ್ಗ ಪೂರ್ಣಗೊಳಿಸುವ ವಿಧಾನವನ್ನು ಕೈಬಿಟ್ಟರು. ಪಿಯುಸಿಯಲ್ಲಿ ಅದು ಬೇಕೇ ಬೇಕು. ಅ² + ಬ² − 6ಅ + 4ಬ − 12 = 0 ಎಂಬ ವೃತ್ತದ ಕೇಂದ್ರ ಎಲ್ಲಿದೆ? ಅರ್ಧ ಮಾಡಿ ವರ್ಗ ಸೇರಿಸಿದರೆ (ಅ − 3)² + (ಬ + 2)² = 25 ಆಗುತ್ತದೆ. ಕೇಂದ್ರ (3, −2), ತ್ರಿಜ್ಯ 5. ಇದನ್ನು ಮೊದಲೇ ಕಲಿತ ಮಗುವಿಗೆ ಐದು ನಿಮಿಷ, ಕಲಿಯದವರಿಗೆ ಮಂತ್ರ. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಬರಲಿ ಬಿಡಲಿ, ಕಲಿಸಿಬಿಡಿ. ಲಾಗರಿದಮ್ ಕಥೆಯೂ ಇದೇ: ಪ್ರೌಢಶಾಲೆಯ ಪುಸ್ತಕದಲ್ಲಿ ಪಾಠವಾಗಿ ಇಲ್ಲ, ರಸಾಯನಶಾಸ್ತ್ರದಲ್ಲಿ ಪಿಎಚ್ ಲೆಕ್ಕ ಬಂದಾಗ ಬರುತ್ತದೆ ಎಂದೇ ಎಲ್ಲರೂ ಅಂದುಕೊಂಡಿರುತ್ತಾರೆ.

ಇನ್ನು ಎಸ್ಸೆಸ್ಸೆಲ್ಸಿ ಅಂಕ ನೋಡಿ ಮೋಸ ಹೋಗಬೇಡಿ. ಈಚಿನ ವರ್ಷಗಳ ಪತ್ರಿಕೆಯಲ್ಲಿ 80 ಅಂಕಕ್ಕೆ 38 ಪ್ರಶ್ನೆ: 1 ಅಂಕದವು 16 (ಅವುಗಳಲ್ಲಿ 8 ಬಹುಆಯ್ಕೆ), 2 ಅಂಕದವು 8, 3 ಅಂಕದವು 9, 4 ಅಂಕದವು 4, 5 ಅಂಕದ್ದು ಒಂದು. ಉಳಿದ 20 ಆಂತರಿಕ. ಸರಾಸರಿ, ಮಧ್ಯಾಂಕ, ಸಂಭವನೀಯತೆ, ನಕ್ಷೆ ಎಳೆದು ಸಮೀಕರಣ ಬಿಡಿಸುವುದು, ಬಾಯಿಪಾಠದ ಪ್ರಮೇಯ, ಸಮಾಂತರ ಶ್ರೇಢಿಯ ಸೂತ್ರ, ಇಷ್ಟನ್ನು ತಿಕ್ಕಿ ತಿಕ್ಕಿ ಮಾಡಿಸಿದರೆ ಬೀಜಗಣಿತ ಕುಂಟುತ್ತಿದ್ದರೂ ಗೌರವದ ಅಂಕ ಬರುತ್ತದೆ. ಶಾಲೆಗಳಲ್ಲಿ ಕೊಡುವ ‘ಪಾಸಿಂಗ್ ಪ್ಯಾಕೇಜ್’ ಇರುವುದೇ ಹೀಗೆ. ಪಾಸಾಗಬೇಕಾದ ಮಗುವಿಗೆ ಅದು ಉಪಕಾರ. ಸೈನ್ಸ್‌ಗೆ ಹೋಗಬೇಕಾದ ಮಗುವಿಗೆ ಅದು ಸಾಲದು. ಎಸ್ಸೆಸ್ಸೆಲ್ಸಿಯಲ್ಲಿ 85 ತಂದು ಪ್ರಥಮ ಪಿಯುಸಿಯ ಮೊದಲ ಟೆಸ್ಟಿನಲ್ಲಿ ಬಿದ್ದವರ ಗುಟ್ಟು ಬಹಳ ಸಲ ಇದೇ. ಸಿಬಿಎಸ್‌ಇಯಲ್ಲಿ 2020ರ ಪರೀಕ್ಷೆಯಿಂದ ಬೇಸಿಕ್, ಸ್ಟ್ಯಾಂಡರ್ಡ್ ಎಂದು ಎರಡು ಪತ್ರಿಕೆ ಮಾಡಿದ್ದಾರೆ. ನಮ್ಮ ರಾಜ್ಯ ಮಂಡಳಿಯಲ್ಲಿ ಎಲ್ಲರಿಗೂ ಒಂದೇ, ಹಾಗಾಗಿ ಮನೆಯಲ್ಲೇ ಅಳೆದುಕೊಳ್ಳಬೇಕು.

ಮಾಡುವ ಕ್ರಮಕ್ಕೆ ಬರೋಣ. ಅರ್ಧವಾರ್ಷಿಕ ಮುಗಿದಿದೆ ಎಂದರೆ ಬೇಸಿಗೆ ರಜೆ ಸೇರಿ 10ನೇ ತರಗತಿ ಶುರುವಾಗುವಷ್ಟರಲ್ಲಿ ಸಾಕಷ್ಟು ವಾರ ಸಿಗುತ್ತವೆ. ದಿನಕ್ಕೆ 40 ನಿಮಿಷ, ವಾರಕ್ಕೆ ಐದು ದಿನ. ಭಾನುವಾರ ಮೂರು ಗಂಟೆ ಕೂರಿಸಿದರೆ ಇದಕ್ಕೆ ಸಮ ಆಗುವುದಿಲ್ಲ. ಮೊದಲ ಎರಡು ವಾರ ಪೂರ್ಣಾಂಕ, ಭಿನ್ನರಾಶಿ. ಮುಂದಿನ ನಾಲ್ಕು ವಾರ ಆವರಣ ಬಿಡಿಸುವುದು, ನಿತ್ಯಸಮೀಕರಣ, ಅಪವರ್ತನ. ಇಲ್ಲಿ ಅವಸರ ಬೇಡ. 6ಅ² − ಅ − 2 ರೀತಿ ಮುಂದೆ ಸಹಗುಣಕ ಇರುವವೂ ಬರಬೇಕು. ಗುಣಲಬ್ಧ −12, ಮೊತ್ತ −1, ಅಂದರೆ −4 ಮತ್ತು 3. ಕೊನೆಗೆ (2ಅ + 1)(3ಅ − 2). ಎರಡು ವಾರ ಸರಳ ಸಮೀಕರಣ ಮತ್ತು ಸೂತ್ರ ತಿರುಗಿಸುವುದು. ಎರಡು ವಾರ ಘಾತಾಂಕ, ವರ್ಗಮೂಲ. √(9 + 16) ಎಂದರೆ 3 + 4 ಅಲ್ಲ, 5 ಎಂಬುದು ಇಲ್ಲಿ ಕೂರಬೇಕು. ಉಳಿದ ದಿನ 9ನೇ ತರಗತಿ ಬಹುಪದೋಕ್ತಿ ಮತ್ತೊಮ್ಮೆ. ಮೊದಲ ಆರು ವಾರ ಶಾಲೆಯ ಕಿರುಪರೀಕ್ಷೆಯ ಅಂಕ ಏರದಿದ್ದರೆ ಗಾಬರಿಯಾಗಬೇಡಿ. ನೀವು ಕಟ್ಟುತ್ತಿರುವುದು ಪಾಯ, ಅಲ್ಲಿ ಪರೀಕ್ಷೆ ಮಾಡುತ್ತಿರುವುದು ಮಾಳಿಗೆ.

ದಿನಕ್ಕೆ ಹತ್ತು ಲೆಕ್ಕ ಸಾಕು, ಆದರೆ ಹತ್ತರಲ್ಲಿ ಮೂರು ಹಿಂದಿನ ವಾರದವು ಇರಲಿ. ಒಂದೇ ಮಾದರಿಯ ಮೂವತ್ತು ಲೆಕ್ಕ ಒಟ್ಟಿಗೆ ಮಾಡಿದರೆ ಕೈ ಓಡುತ್ತದೆ, ತಲೆ ನಿಲ್ಲುತ್ತದೆ. ಜೊತೆಗೆ 20ರವರೆಗೆ ಮಗ್ಗಿ, 25ರವರೆಗೆ ವರ್ಗಗಳು ಬಾಯಿಗೆ ಬರಲಿ. ಎಸ್ಸೆಸ್ಸೆಲ್ಸಿಯಲ್ಲೂ ಪಿಯುಸಿಯಲ್ಲೂ ಗಣಿತದ ಪರೀಕ್ಷೆಗೆ ಕ್ಯಾಲ್ಕುಲೇಟರ್ ಇಲ್ಲ. ಶೋಧಕ 361 ಎಂದು ಬಂದಾಗ 19 ಎಂದು ತಕ್ಷಣ ಹೊಳೆಯದಿದ್ದರೆ ಲೆಕ್ಕ ಅಲ್ಲಿಗೇ ನಿಲ್ಲುತ್ತದೆ.

ಕನ್ನಡ ಮಾಧ್ಯಮದಿಂದ ಹೋಗುವವರಿಗೆ ಪಿಯುಸಿಯ ಇಂಗ್ಲಿಷ್ ಇನ್ನೊಂದು ಗೋಡೆ. ಅದು ಅಂದುಕೊಂಡಷ್ಟು ಎತ್ತರವಿಲ್ಲ, ಗಣಿತದಲ್ಲಿ ಬೇಕಾಗುವುದು ನೂರೈವತ್ತರ ಸುಮಾರು ಪದ. ಅಂಶ ನ್ಯೂಮರೇಟರ್, ಛೇದ ಡಿನಾಮಿನೇಟರ್, ಅಪವರ್ತನ ಫ್ಯಾಕ್ಟರ್, ಸಹಗುಣಕ ಕೋಎಫಿಷಿಯೆಂಟ್ ಹೀಗೆ ಪುಸ್ತಕದ ಅಂಚಿನಲ್ಲಿ 10ನೇ ತರಗತಿಯುದ್ದಕ್ಕೂ ಬರೆದುಕೊಂಡರೆ ಆಯಿತು. ಎಡವುವುದು ಎರಡು ಅರ್ಥದ ಪದಗಳಲ್ಲಿ. ಕನ್ನಡದಲ್ಲಿ ಚಿಹ್ನೆ ಬೇರೆ, ತ್ರಿಕೋನಮಿತಿಯ ಸೈನ್ ಬೇರೆ. ಪಿಯು ತರಗತಿಯಲ್ಲಿ ಎರಡೂ ಕಿವಿಗೆ ‘ಸೈನ್’ ಎಂದೇ ಬೀಳುತ್ತವೆ. ಕನ್ನಡದಲ್ಲಿ ವೃತ್ತ ಮುಟ್ಟುವ ಗೆರೆ ಸ್ಪರ್ಶಕ. ಅಲ್ಲಿ ಅದೂ ಟ್ಯಾಂಜೆಂಟ್, ಟ್ಯಾನ್ ಎಂಬ ಅನುಪಾತವೂ ಟ್ಯಾಂಜೆಂಟ್. ಸಮೀಕರಣದ ಮೂಲವೂ ರೂಟ್, ವರ್ಗಮೂಲವೂ ಮಾತಿನಲ್ಲಿ ರೂಟ್.

ಕಾಮರ್ಸ್ ಪ್ರಶ್ನೆಗೆ: ಗಣಿತದಿಂದ ತಪ್ಪಿಸಿಕೊಳ್ಳಲು ಕಾಮರ್ಸ್ ಎಂದು ಈಗಲೇ ತೀರ್ಮಾನ ಮಾಡಬೇಡಿ. ಅಲ್ಲೂ ಬೇಸಿಕ್ ಮ್ಯಾಥ್ಸ್, ಸ್ಟ್ಯಾಟಿಸ್ಟಿಕ್ಸ್ ಇರುವ ಕಾಂಬಿನೇಷನ್‌ಗಳಿವೆ, ಸಿಎ ಫೌಂಡೇಶನ್ನಿನಲ್ಲೂ ಗಣಿತದ ಪತ್ರಿಕೆ ಇದೆ. ಅವಳಿಗೆ ವೈದ್ಯಕೀಯದ ಆಸೆಯಿದ್ದರೆ ನೀಟ್‌ನಲ್ಲಿ ಗಣಿತ ಇಲ್ಲ, ನಿಜ. ಭೌತಶಾಸ್ತ್ರ ಇದೆ, ಅದು ಅರ್ಧ ಗಣಿತವೇ. ಎಂಜಿನಿಯರಿಂಗ್ ಆದರೆ ಸಿಇಟಿ ಗಣಿತದಲ್ಲಿ 80 ನಿಮಿಷಕ್ಕೆ 60 ಪ್ರಶ್ನೆ. ಅಪವರ್ತನ ಬೆರಳ ತುದಿಯಲ್ಲಿಲ್ಲದವರಿಗೆ ಸಮಯ ಸಾಲುವುದಿಲ್ಲ. ಮೂರನೇ ದಾರಿಯನ್ನು ಪೋಷಕರು ಮರೆತೇಬಿಡುತ್ತಾರೆ: ಎಸ್ಸೆಸ್ಸೆಲ್ಸಿ ಆದ ಮೇಲೆ ಮೂರು ವರ್ಷದ ಪಾಲಿಟೆಕ್ನಿಕ್ ಡಿಪ್ಲೊಮಾ, ಆಮೇಲೆ ಡಿಸಿಇಟಿ (ಡಿಪ್ಲೊಮಾ ಮುಗಿಸಿದವರ ಪ್ರವೇಶ ಪರೀಕ್ಷೆ) ಬರೆದು ನೇರ ಎರಡನೇ ವರ್ಷದ ಬಿ.ಇ.ಗೆ. ಕೈಕೆಲಸದ ಜೊತೆ ಗಣಿತ ಕಲಿತರೆ ಹಿಡಿಯುವ ಮಕ್ಕಳಿಗೆ ಅದು ಪಿಯುಸಿಗಿಂತ ಸಲೀಸು.

ತೀರ್ಮಾನಕ್ಕೆ ಸರಿಯಾದ ಹೊತ್ತು 10ನೇ ತರಗತಿಯ ಡಿಸೆಂಬರ್. ಮೇಲಿನ ಎಂಟು ಲೆಕ್ಕದಂಥವೇ ಎಂಟನ್ನು ಬೇರೆ ಸಂಖ್ಯೆ ಹಾಕಿ 20 ನಿಮಿಷಕ್ಕೆ ಕೊಡಿ, ಜೊತೆಗೆ ಒಂದು ವರ್ಗ ಸಮೀಕರಣದ ಹೇಳಿಕೆ ಲೆಕ್ಕ, ಒಂದು ತ್ರಿಕೋನಮಿತಿ ನಿತ್ಯಸಮೀಕರಣ. ಹತ್ತರಲ್ಲಿ ಎಂಟು ಸರಿಯಿದ್ದು, ತಪ್ಪಿದ ಎರಡನ್ನು ಬೆಲೆ ಹಾಕಿ ತಾಳೆ ನೋಡಿ ತಾನೇ ಹಿಡಿದರೆ ಪಿಸಿಎಂಬಿಯೋ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಜೊತೆ ಜೀವಶಾಸ್ತ್ರ) ಪಿಸಿಎಂಸಿಯೋ (ಜೀವಶಾಸ್ತ್ರದ ಬದಲು ಕಂಪ್ಯೂಟರ್ ಸೈನ್ಸ್) ಧೈರ್ಯವಾಗಿ ಕೊಡಿಸಿ. ಐದಾರು ಸರಿಯಿದ್ದರೆ ಎಸ್ಸೆಸ್ಸೆಲ್ಸಿ ಮುಗಿದ ಮೇಲಿನ ಎರಡು ತಿಂಗಳು ಅವಳಿಗೆ ರಜೆಯಿಲ್ಲ.